ಗಾಳಿಗೆ ಕೊನೆ ಎಲ್ಲಿ? – ಭೂಕಾಂತೀಯ ಬಿರುಗಾಳಿ ಮತ್ತು ವಾಯುಮಂಡಲದ ಹೊರಪದರದ ಚರಿತ್ರೆ



ಫಜರ್ ನಮಾಜಿಗೆ ಏಳುವ ನೀವು ಈ ದೃಶ್ಯವನ್ನು ಎಷ್ಟೋ ಸಲ ನೋಡಿದ್ದೀರಿ. ಅಕ್ಕೂರಿನ ತೆಂಗಿನ ತೋಟಗಳಾಚೆ ಸೂರ್ಯ ಇನ್ನೂ ಹುಟ್ಟಿರುವುದಿಲ್ಲ. ಆದರೂ ಪೂರ್ವ ದಿಗಂತದ ಉದ್ದಕ್ಕೂ ತೆಳುವಾದ ಬಿಳಿ ಬೆಳಕೊಂದು ಅಡ್ಡಲಾಗಿ ಹರಡಿಕೊಳ್ಳುತ್ತದೆ. ಹಿರಿಯರು ಅದನ್ನು ಸುಬಹ್ ಸಾದಿಖ್, ಅಂದರೆ ನಿಜವಾದ ಬೆಳಗು ಎಂದರು. ಮಸೀದಿಯ ಗೋಡೆಯ ಮೇಲೆ ತೂಗುಹಾಕಿರುವ ವೇಳಾಪಟ್ಟಿಯಲ್ಲಿ ಫಜರಿನ ಸಮಯ ಆರಂಭವಾಗುವುದು ಈ ಬೆಳಕಿನಿಂದಲೇ. ನಮ್ಮ ಕಡೆಯ ಬಹುತೇಕ ವೇಳಾಪಟ್ಟಿಗಳು ಆಗ ಸೂರ್ಯ ದಿಗಂತಕ್ಕಿಂತ 18 ಡಿಗ್ರಿ ಕೆಳಗಿರುತ್ತಾನೆಂದು ಲೆಕ್ಕ ಹಾಕುತ್ತವೆ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಸೂರ್ಯನೇ ಇಲ್ಲದ ಮೇಲೆ ಬೆಳಕು ಎಲ್ಲಿಂದ ಬಂತು? ನಮ್ಮ ತಲೆಯ ಮೇಲೆ ಬಹಳ ಎತ್ತರದಲ್ಲಿರುವ ಗಾಳಿಗೆ ಸೂರ್ಯನ ಕಿರಣ ನಮಗಿಂತ ಮೊದಲೇ ತಲುಪಿರುತ್ತದೆ. ಆ ಗಾಳಿ ಬೆಳಕನ್ನು ಚದುರಿಸಿ ನಮ್ಮ ಕಡೆಗೆ ಕಳುಹಿಸುತ್ತದೆ. ಗಾಳಿ ಇಲ್ಲದಿದ್ದರೆ ಮುಂಜಾವೂ ಇಲ್ಲ, ಮುಸ್ಸಂಜೆಯೂ ಇಲ್ಲ. ಹಾಗಾದರೆ ಆ ಗಾಳಿ ಎಷ್ಟು ಎತ್ತರದವರೆಗೆ ಇದೆ? ಅದಕ್ಕೆ ಕೊನೆ ಎಲ್ಲಿ?

ಮನುಷ್ಯ ಈ ಪ್ರಶ್ನೆಗೆ ಉತ್ತರ ಹುಡುಕಲು ಸುಮಾರು ಸಾವಿರ ವರ್ಷ ತೆಗೆದುಕೊಂಡಿದ್ದಾನೆ. ಆ ಚರಿತ್ರೆಯನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ. ಈ ಕಥೆಯಲ್ಲಿ ಒಬ್ಬ ಖಾಜಿ ಇದ್ದಾರೆ, ಮುಂಬಯಿಯ ಒಂದು ಕಾಂತಸೂಜಿ ಇದೆ, ಊರೂರನ್ನೇ ಹೆದರಿಸಿದ ಒಂದು ಗಾಳಿಸುದ್ದಿ ಇದೆ. ನಮ್ಮ ನೆರೆಯ ಹಾಸನ, ಪೀಣ್ಯ, ಬ್ಯಾಲಾಳುಗಳೂ ಇವೆ.

ಖಾಜಿಯ ಲೆಕ್ಕ

11ನೇ ಶತಮಾನ. ಇಂದಿನ ಸ್ಪೇನ್ ದೇಶದ ದಕ್ಷಿಣ ಭಾಗವಾದ ಅಂದಲೂಸ್‌ನಲ್ಲಿ ಜಯ್ಯಾನ್ ಎಂಬ ಪಟ್ಟಣವಿತ್ತು. ಅಲ್ಲಿ ಖಾಜಿಯಾಗಿದ್ದವರು ಇಬ್ನ್ ಮುಆದ್ ಅಲ್ ಜಯ್ಯಾನಿ. ಅವರು ಧರ್ಮಶಾಸ್ತ್ರದ ಜೊತೆಗೆ ಗಣಿತದಲ್ಲೂ ದೊಡ್ಡ ಪಂಡಿತರು. ಮುಂಜಾವು ಮತ್ತು ಮುಸ್ಸಂಜೆಯ ಬೆಳಕನ್ನು ಕುರಿತು ಅವರು ಒಂದು ಪುಟ್ಟ ಗ್ರಂಥ ಬರೆದರು. ನಮಾಜಿನ ಸಮಯಕ್ಕಾಗಿ ಎಲ್ಲರೂ ನೋಡುತ್ತಿದ್ದ ಬೆಳಕನ್ನೇ ಅವರು ಅಳತೆಗೋಲು ಮಾಡಿಕೊಂಡರು.

ಅವರ ಯೋಚನೆ ಸರಳವಾಗಿತ್ತು. ಬೆಳಗಿನ ಮೊದಲ ಬೆಳಕು ದಿಗಂತದಲ್ಲಿ ಕಂಡಾಗ ಸೂರ್ಯ ಸುಮಾರು 19 ಡಿಗ್ರಿ ಕೆಳಗಿರುತ್ತಾನೆ ಎಂದು ಅವರು ಇಟ್ಟುಕೊಂಡರು. ಭೂಮಿಯ ಅಂಚನ್ನು ಸವರಿಕೊಂಡು ಹೋದ ಕಿರಣ ಗಾಳಿಯ ಮೇಲ್ತುದಿಯನ್ನು ತಾಗಿದ ಜಾಗವೇ ನಮಗೆ ಮೊದಲು ಬೆಳಗುತ್ತದೆ. ಕೋನ ಗೊತ್ತಿದೆ, ಭೂಮಿಯ ಸುತ್ತಳತೆ ಗೊತ್ತಿದೆ. ಉಳಿದದ್ದು ತ್ರಿಕೋನದ ಲೆಕ್ಕ. ಗಾಳಿಯ ಎತ್ತರ ಸುಮಾರು 52 ಮೈಲಿ ಎಂಬ ಉತ್ತರ ಬಂತು. ಇಂದಿನ ಅಳತೆಯಲ್ಲಿ ಅದು 80 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು.

12ನೇ ಶತಮಾನದಲ್ಲಿ ಕ್ರೆಮೋನಾದ ಜೆರಾರ್ಡ್ ಈ ಗ್ರಂಥವನ್ನು ಲ್ಯಾಟಿನ್ ಭಾಷೆಗೆ ಅನುವಾದಿಸಿದರು. 1542ರಲ್ಲಿ ಲಿಸ್ಬನ್ನಿನಲ್ಲಿ ಅದು ಅಚ್ಚಾಯಿತು. ಆದರೆ ಕರ್ತೃವಿನ ಹೆಸರು ತಪ್ಪಾಗಿ ಇಬ್ನ್ ಅಲ್ ಹೈಥಮ್ ಎಂದು ಬಿದ್ದಿತ್ತು. ನಿಜವಾದ ಲೇಖಕ ಇಬ್ನ್ ಮುಆದ್ ಎಂಬುದನ್ನು ಇತಿಹಾಸಕಾರ ಎ.ಐ. ಸಬ್ರಾ 1967ರಲ್ಲಿ ತೋರಿಸಿಕೊಟ್ಟರು.

ಖಾಜಿಯವರ ಉತ್ತರ ಸರಿಯೇ? ಅವರು ಅಳೆದದ್ದು ಬೆಳಕನ್ನು ಚದುರಿಸುವಷ್ಟು ದಟ್ಟವಾದ ಗಾಳಿಯನ್ನು. ಅದರ ಮಟ್ಟಿಗೆ ಲೆಕ್ಕ ಬಹಳ ಹತ್ತಿರ ಬಂದಿತ್ತು. ಆದರೆ ಗಾಳಿ ಅಲ್ಲಿಗೆ ಮುಗಿಯುವುದಿಲ್ಲ. ಅವರ ಲೆಕ್ಕ ಎಲ್ಲಿ ನಿಂತಿತೋ ಹೆಚ್ಚುಕಡಿಮೆ ಅಲ್ಲಿಂದಲೇ ವಿಜ್ಞಾನಿಗಳು ಇಂದು ಉಷ್ಣಗೋಳ ಎಂದು ಕರೆಯುವ ಪದರ ಶುರುವಾಗುತ್ತದೆ. ಅದರ ಮೇಲೆ, 500ರಿಂದ 1000 ಕಿಲೋಮೀಟರಿನ ನಡುವೆ ಎಲ್ಲೋ, ಎಲ್ಲಕ್ಕಿಂತ ಹೊರಗಿನ ಬಾಹ್ಯಗೋಳ ಆರಂಭವಾಗುತ್ತದೆ. ಅಲ್ಲಿ ಗಾಳಿ ಎಷ್ಟು ತೆಳುವೆಂದರೆ ಒಂದು ಪರಮಾಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವುದೇ ಅಪರೂಪ. "ಎಲ್ಲೋ" ಎಂದು ಬರೆದದ್ದಕ್ಕೆ ಕಾರಣವಿದೆ. ಆ ಗಡಿ ಒಂದು ಕಡೆ ನಿಲ್ಲುವುದಿಲ್ಲ. ಅದು ಸೂರ್ಯನ ಮರ್ಜಿಯಂತೆ ಮೇಲೆ ಕೆಳಗೆ ಆಡುತ್ತದೆ.

ಮುಂಬಯಿಯ ಕಾಂತಸೂಜಿ

ಕಿಬ್ಲಾ ತಿಳಿಯಲು ನಾವು ದಿಕ್ಸೂಚಿ ಬಳಸುತ್ತೇವೆ. ಭೂಮಿ ಒಂದು ದೊಡ್ಡ ಅಯಸ್ಕಾಂತದಂತೆ ವರ್ತಿಸುವುದರಿಂದ ಸೂಜಿ ಉತ್ತರ ದಕ್ಷಿಣವಾಗಿ ನಿಲ್ಲುತ್ತದೆ. ಈ ಕಾಂತಶಕ್ತಿ ಭೂಮಿಯ ಸುತ್ತ ಬಹು ದೂರದವರೆಗೆ ಬೇಲಿಯಂತೆ ಹರಡಿದೆ. ಸೂರ್ಯನಿಂದ ಸದಾ ಬೀಸುವ ವಿದ್ಯುತ್ಕಣಗಳ ಗಾಳಿಯನ್ನು ಅದು ತಡೆಯುತ್ತದೆ. ಆದರೆ ಕೆಲವೊಮ್ಮೆ ಸೂರ್ಯನಿಂದ ಕೋಟ್ಯಂತರ ಟನ್ ತೂಕದ ವಿದ್ಯುತ್ಕಣಗಳ ಮೋಡವೇ ಸಿಡಿದು ಬರುತ್ತದೆ. ಅದು ತನ್ನದೇ ಕಾಂತಕ್ಷೇತ್ರವನ್ನು ಹೊತ್ತು ತರುತ್ತದೆ. ಆ ಕ್ಷೇತ್ರ ದಕ್ಷಿಣ ದಿಕ್ಕಿಗೆ ತಿರುಗಿದ್ದರೆ ಭೂಮಿಯ ಬೇಲಿಯಲ್ಲಿ ಬಾಗಿಲು ತೆರೆದಂತಾಗಿ ಶಕ್ತಿ ಒಳಗೆ ನುಗ್ಗುತ್ತದೆ. ಇದೇ ಭೂಕಾಂತೀಯ ಬಿರುಗಾಳಿ. ಹೆಸರಿನಲ್ಲಿ ಬಿರುಗಾಳಿ ಇದ್ದರೂ ಮರ ಉರುಳುವುದಿಲ್ಲ, ಹೆಂಚು ಹಾರುವುದಿಲ್ಲ. ಸೂಜಿ ಮಾತ್ರ ನಡುಗುತ್ತದೆ.

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಕಲೆಗಳ ಚಿತ್ರ ಬರೆಯುತ್ತಿದ್ದಾಗ ಕಲೆಯೊಂದರ ಮೇಲೆ ಕಣ್ಣು ಕೋರೈಸುವ ಬೆಳಕು ಹೊಳೆಯಿತು. 18 ಗಂಟೆ ಕಳೆಯುವುದರೊಳಗೆ ಭೂಮಿಯ ಮೇಲೆ ಭಾರೀ ಬಿರುಗಾಳಿ ಎದ್ದಿತು. ಟೆಲಿಗ್ರಾಫ್ ತಂತಿಗಳಲ್ಲಿ ಕಿಡಿ ಹಾರಿತು. ಧ್ರುವಪ್ರದೇಶದಲ್ಲಷ್ಟೇ ಕಾಣುವ ಬಣ್ಣದ ಬೆಳಕು ಉಷ್ಣವಲಯದ ಹತ್ತಿರದವರೆಗೂ ಇಳಿಯಿತು.

ಆಗ ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಭೂಮಿಯ ಕಾಂತಶಕ್ತಿಯನ್ನು ಕ್ರಮವಾಗಿ ಅಳೆದು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಇತ್ತು. ಸೆಪ್ಟೆಂಬರ್ 2ರಂದು ಅಲ್ಲಿನ ಅಳತೆ ಸುಮಾರು 1600 ನ್ಯಾನೊಟೆಸ್ಲಾದಷ್ಟು ಕುಸಿಯಿತು. ಸಾಮಾನ್ಯ ಬಿರುಗಾಳಿಯಲ್ಲಿ ಈ ಕುಸಿತ ನೂರರ ಆಸುಪಾಸಿನಲ್ಲಿರುತ್ತದೆ. ಅಂಕಿಗಳನ್ನು ಬರೆದಿಟ್ಟವರಿಗೆ ಅವುಗಳ ಅರ್ಥ ಪೂರ್ತಿ ತಿಳಿದಿರಲಿಲ್ಲ. 144 ವರ್ಷಗಳ ನಂತರ, 2003ರಲ್ಲಿ, ಭಾರತೀಯ ಭೂಕಾಂತತ್ವ ಸಂಸ್ಥೆಯ ವಿಜ್ಞಾನಿಗಳೂ ಇದ್ದ ತಂಡವೊಂದು ಅದೇ ಅಂಕಿಗಳಿಂದ ಆ ಬಿರುಗಾಳಿಯ ಬಲವನ್ನು ಲೆಕ್ಕ ಹಾಕಿತು. ಅರ್ಥ ತಿಳಿಯದಿದ್ದರೂ ನಿಷ್ಠೆಯಿಂದ ಬರೆದಿಟ್ಟ ಲೆಕ್ಕ ವ್ಯರ್ಥವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ನಿಮ್ಮ ಕಿಬ್ಲಾ ದಿಕ್ಸೂಚಿಯ ಬಗ್ಗೆ ಚಿಂತೆ ಬೇಡ. ನಮ್ಮ ಭಾಗದಲ್ಲಿ ದೊಡ್ಡ ಬಿರುಗಾಳಿ ಬಂದರೂ ಭೂಮಿಯ ಕಾಂತಶಕ್ತಿಯಲ್ಲಾಗುವ ಬದಲಾವಣೆ ನೂರರಲ್ಲಿ ಒಂದು ಪಾಲಿನಷ್ಟು. ಕಣ್ಣಿಗೆ ಅದು ಕಾಣುವುದೇ ಇಲ್ಲ.

ಉಕ್ಕುವ ಹಾಲು

ಕಾಂತಸೂಜಿ ನಡುಗಿದಾಗ ಮೇಲಿನ ಗಾಳಿಗೂ ಏನಾದರೂ ಆಗುತ್ತದೆಯೇ? 1957ರವರೆಗೆ ಇದನ್ನು ನೇರವಾಗಿ ತಿಳಿಯುವ ದಾರಿಯೇ ಇರಲಿಲ್ಲ. ಆ ವರ್ಷ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ಮರುವರ್ಷ ಮೇ ತಿಂಗಳಲ್ಲಿ ಮೂರನೆಯ ಸ್ಪುಟ್ನಿಕ್ ಹೋಯಿತು. ಅಮೆರಿಕದ ಸ್ಮಿತ್ಸೋನಿಯನ್ ಖಭೌತ ವೀಕ್ಷಣಾಲಯ ಇವುಗಳ ಚಿತ್ರ ತೆಗೆಯಲು ಜಗತ್ತಿನ 12 ಕಡೆ ದೊಡ್ಡ ಕ್ಯಾಮೆರಾಗಳನ್ನಿಟ್ಟಿತು. ಅವುಗಳಲ್ಲಿ ಒಂದು ನಮ್ಮ ದೇಶದ ನೈನಿತಾಲ್‌ನಲ್ಲಿತ್ತು.

ಆ ವೀಕ್ಷಣಾಲಯದಲ್ಲಿದ್ದ ಲುಯಿಜಿ ಯಾಕಿಯಾ ಉಪಗ್ರಹಗಳ ದಾರಿಯನ್ನು ಲೆಕ್ಕ ಹಾಕುತ್ತ ಕುಳಿತಾಗ ಒಂದು ವಿಚಿತ್ರ ಕಂಡರು. ಉಪಗ್ರಹ ಒಂದೇ ಸಮನೆ ಕೆಳಗಿಳಿಯುತ್ತಿರಲಿಲ್ಲ. ಕೆಲವು ದಿನ ಹೆಚ್ಚು, ಕೆಲವು ದಿನ ಕಡಿಮೆ ಇಳಿಯುತ್ತಿತ್ತು. 1958ರ ಜುಲೈ ತಿಂಗಳಲ್ಲಿ ದೊಡ್ಡದೊಂದು ಭೂಕಾಂತೀಯ ಬಿರುಗಾಳಿ ಎದ್ದ ದಿನವೇ ಮೂರನೆಯ ಸ್ಪುಟ್ನಿಕ್ ಹೆಚ್ಚಿನ ಗಾಳಿಗೆ ಸಿಕ್ಕಿದಂತೆ ವರ್ತಿಸಿತ್ತು. 1959ರಲ್ಲಿ ಅವರು ಇದನ್ನು ಪ್ರಕಟಿಸಿದರು. ಬಿರುಗಾಳಿ ಬಂದಾಗ ವಾಯುಮಂಡಲ ಉಬ್ಬುತ್ತದೆ ಎಂಬ ಸತ್ಯ ಮೊದಲ ಬಾರಿಗೆ ಹೀಗೆ ಹೊರಬಿತ್ತು.

ಉಬ್ಬುವುದು ಹೇಗೆ? ಒಲೆಯ ಮೇಲಿನ ಹಾಲನ್ನು ನೆನೆಸಿಕೊಳ್ಳಿ. ಉರಿ ಹೆಚ್ಚಾದರೆ ಪಾತ್ರೆಗೆ ಹಾಲು ಸುರಿಯದೆಯೇ ಅದು ಮೇಲಕ್ಕೆ ಉಕ್ಕುತ್ತದೆ. ಉರಿ ತೆಗೆದರೆ ಇಳಿಯುತ್ತದೆ. ಬಿರುಗಾಳಿಯ ಸಮಯದಲ್ಲಿ ಧ್ರುವಗಳ ಹತ್ತಿರ, 100 ಕಿಲೋಮೀಟರಿಗೂ ಮೇಲೆ, ಲಕ್ಷಾಂತರ ಆಂಪಿಯರ್ ವಿದ್ಯುತ್ ಹರಿಯುತ್ತದೆ. ವಿದ್ಯುತ್ ಒಲೆಯ ತಂತಿ ಕಾದಂತೆ ಆ ಗಾಳಿ ಕಾಯುತ್ತದೆ. ಕಾದ ಗಾಳಿ ಮೇಲಕ್ಕೆ ಹಿಗ್ಗಿ, ಕೆಲವೇ ಗಂಟೆಗಳಲ್ಲಿ ಭೂಮಧ್ಯರೇಖೆಯ ಕಡೆಗೂ ಹರಡುತ್ತದೆ. 400 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಹಲವು ಪಟ್ಟು ಏರುವುದುಂಟು. ನಿನ್ನೆಯವರೆಗೆ ಹೆಚ್ಚುಕಡಿಮೆ ಬರಿದಾಗಿದ್ದ ದಾರಿಯಲ್ಲಿ ಓಡುತ್ತಿದ್ದ ಉಪಗ್ರಹ ಇಂದು ಕೆಸರಿಗೆ ಬಿದ್ದ ಗಾಡಿಯಂತಾಗುತ್ತದೆ.

ಹಾಲು ಮತ್ತೆ ಇಳಿಯುವ ಬಗೆಯೂ ಸ್ವಾರಸ್ಯಕರ. ಬಿರುಗಾಳಿಯೇ ಮೇಲಿನ ಗಾಳಿಯಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೆಚ್ಚಿಸುತ್ತದೆ. ಈ ಅನಿಲ ಶಾಖವನ್ನು ಹೊರಕ್ಕೆ ಸೂಸಿ ಗಾಳಿಯನ್ನು ತಣಿಸುತ್ತದೆ. ಕೆಲವೊಮ್ಮೆ ಬಿರುಗಾಳಿಗೆ ಮುಂಚೆ ಇದ್ದುದಕ್ಕಿಂತಲೂ ಹೆಚ್ಚು ತಣ್ಣಗಾಗುತ್ತದೆ.

ನೈನಿತಾಲ್ ವೀಕ್ಷಣಾಲಯದ ಮುಖ್ಯಸ್ಥರಾಗಿ ಆಗ ಇದ್ದವರು ವೇಣು ಬಾಪು. ಅವರ ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದರು. 1901ರಲ್ಲಿ ನವಾಬ್ ಜಫರ್ ಜಂಗ್ ಎಂಬ ವಿದ್ಯಾಪ್ರೇಮಿ ಸ್ವಂತ ಹಣದಲ್ಲಿ ದೂರದರ್ಶಕ ತರಿಸಿ ಆರಂಭಿಸಿದ ಸಂಸ್ಥೆ ಅದು. ಅಲ್ಲಿ ಆಕಾಶ ನೋಡುತ್ತ ಬೆಳೆದ ಹುಡುಗನೇ ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ. ಒಬ್ಬರ ದಾನ ಎಲ್ಲಿಯವರೆಗೆ ಹೋಗಿ ಫಲ ಕೊಡುತ್ತದೆ ನೋಡಿ.

ಸ್ಕೈಲ್ಯಾಬ್ ಬೀಳುತ್ತದೆಯಂತೆ!

ನಿಮ್ಮ ಮನೆಯಲ್ಲಿ 60 ದಾಟಿದವರಿದ್ದರೆ "ಸ್ಕೈಲ್ಯಾಬ್" ಎಂಬ ಒಂದು ಮಾತು ಹೇಳಿ ನೋಡಿ. ಅವರ ಮುಖದಲ್ಲಿ ನಗು ಮೂಡುವುದು ಖಂಡಿತ. ಆದರೆ 1979ರಲ್ಲಿ ಯಾರೂ ನಗುತ್ತಿರಲಿಲ್ಲ.

ಸ್ಕೈಲ್ಯಾಬ್ ಅಮೆರಿಕ 1973ರ ಮೇ 14ರಂದು ಹಾರಿಸಿದ್ದ ಅಂತರಿಕ್ಷ ನಿಲ್ದಾಣ. ತೂಕ ಸುಮಾರು 77 ಟನ್. ಮೂರು ತಂಡಗಳು ಅದರಲ್ಲಿ ವಾಸವಿದ್ದು ಸೂರ್ಯನನ್ನು ಅಧ್ಯಯನ ಮಾಡಿದವು. 1974ರ ಫೆಬ್ರವರಿಯಲ್ಲಿ ಕೊನೆಯ ತಂಡ ಹಿಂದಿರುಗಿತು. ಖಾಲಿ ನಿಲ್ದಾಣ 1980ರ ದಶಕದ ಆರಂಭದವರೆಗೆ ಮೇಲೆಯೇ ಇರುತ್ತದೆ, ಅಷ್ಟರಲ್ಲಿ ಹೊಸ ನೌಕೆಯೊಂದನ್ನು ಕಳುಹಿಸಿ ಅದನ್ನು ಎತ್ತರಕ್ಕೆ ತಳ್ಳಬಹುದು ಎಂಬುದು ಯೋಜನೆ.

ಆದರೆ ಸೂರ್ಯ ಆ ಲೆಕ್ಕಕ್ಕೆ ಬಗ್ಗಲಿಲ್ಲ. ಸೂರ್ಯನ ಚಟುವಟಿಕೆ ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. 1970ರ ದಶಕದ ಕೊನೆಯ ಏರಿಕೆ ನಿರೀಕ್ಷೆಗಿಂತ ಜೋರಾಗಿತ್ತು. ಸೂರ್ಯನ ನೇರಳಾತೀತ ಕಿರಣಗಳು ದಿನವೂ ಮೇಲಿನ ಗಾಳಿಯನ್ನು ಕಾಯಿಸಿದವು, ಮೇಲಿಂದ ಮೇಲೆ ಬಂದ ಬಿರುಗಾಳಿಗಳು ಆ ಉರಿಗೆ ತುಪ್ಪ ಸುರಿದವು. ಉಬ್ಬಿದ ಗಾಳಿ ಸ್ಕೈಲ್ಯಾಬನ್ನು ಕೆಳಗೆಳೆಯಿತು. ಸೂರ್ಯನನ್ನು ನೋಡಲು ಹೋದ ನಿಲ್ದಾಣವನ್ನು ಸೂರ್ಯನೇ ಇಳಿಸಿದಂತಾಯಿತು.

ಅದು ಎಲ್ಲಿ ಬೀಳುತ್ತದೆ ಎಂದು ಯಾರೂ ಖಚಿತವಾಗಿ ಹೇಳಲಾಗಲಿಲ್ಲ. ಪತ್ರಿಕೆ ಮತ್ತು ರೇಡಿಯೋದಲ್ಲಿ ಬಂದ ಸುದ್ದಿ ಹಳ್ಳಿ ತಲುಪುವಷ್ಟರಲ್ಲಿ ಪ್ರಳಯವಾಗಿ ಬೆಳೆದಿತ್ತು. ನಮ್ಮ ದೇಶದ ಎಷ್ಟೋ ಊರುಗಳಲ್ಲಿ ಜನ "ಹೇಗೂ ಸಾಯುವುದೇ" ಎಂದು ಸಾಕಿದ ಕೋಳಿ ಕುರಿಗಳನ್ನು ಕೊಯ್ದು ತಿಂದರು. ದೂರದ ಊರಿನ ಮಕ್ಕಳನ್ನು ಮನೆಗೆ ಕರೆಸಿಕೊಂಡರು. ಕೈಯಲ್ಲಿದ್ದ ಕಾಸು ಖರ್ಚು ಮಾಡಿ ಕುಳಿತರು. 1979ರ ಜುಲೈ 11ರಂದು ಸ್ಕೈಲ್ಯಾಬ್ ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಆಸ್ಟ್ರೇಲಿಯಾದ ಮೇಲೆ ಚೂರಾಗಿ ಬಿತ್ತು. ಯಾರಿಗೂ ಗಾಯವಾಗಲಿಲ್ಲ. ಅಲ್ಲಿನ ಎಸ್ಪೆರೆನ್ಸ್ ಎಂಬ ಊರಿನ ಆಡಳಿತ ಕಸ ಹಾಕಿದ್ದಕ್ಕಾಗಿ ನಾಸಾ ಸಂಸ್ಥೆಗೆ 400 ಡಾಲರ್ ದಂಡ ವಿಧಿಸಿತು. ನಮ್ಮ ಊರುಗಳಲ್ಲಿ ಮರುದಿನ ಎಂದಿನಂತೆ ಸೂರ್ಯ ಹುಟ್ಟಿದ. ಕೋಳಿಗೂಡು ಮಾತ್ರ ಖಾಲಿಯಾಗಿತ್ತು.

ನಕ್ಕು ಮರೆಯುವ ಮುನ್ನ ಒಂದು ಮಾತು ಯೋಚಿಸಿ. ಆ ಹಿರಿಯರು ದಡ್ಡರಾಗಿರಲಿಲ್ಲ. ಅವರಿಗೆ ತಿಳಿಸಿ ಹೇಳುವವರು ಇರಲಿಲ್ಲ, ಅಷ್ಟೇ. ಪ್ರವಾದಿ ಮುಹಮ್ಮದ್ (ಸ) ಅವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಆ ಮಗುವಿನ ಸಾವಿಗಾಗಿಯೇ ಸೂರ್ಯ ಕಪ್ಪಾದ ಎಂದು ಜನ ಆಡಿಕೊಂಡರು. ದುಃಖದ ಆ ಗಳಿಗೆಯಲ್ಲೂ ಪ್ರವಾದಿಯವರು ಅದನ್ನು ಒಪ್ಪಲಿಲ್ಲ. ಯಾರದೇ ಹುಟ್ಟು ಸಾವಿಗಾಗಿ ಸೂರ್ಯ ಚಂದ್ರರಿಗೆ ಗ್ರಹಣ ಹಿಡಿಯುವುದಿಲ್ಲ, ಅವು ಅಲ್ಲಾಹನ ಕುರುಹುಗಳು ಎಂದು ತಿದ್ದಿದರು. ಆಕಾಶದ ಘಟನೆಗೆ ಗಾಳಿಸುದ್ದಿ ಅಂಟಿಸಬಾರದು ಎಂಬ ಪಾಠ ನಮಗೆ ಹದಿನಾಲ್ಕು ಶತಮಾನಗಳ ಹಿಂದೆಯೇ ಸಿಕ್ಕಿದೆ.

ಎರಡು ರೂಪಾಯಿ ನೋಟಿನ ಉಪಗ್ರಹ

ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಒಂದು ಉಪಗ್ರಹದ ಚಿತ್ರವಿತ್ತು. ಅದು ಆರ್ಯಭಟ, ಭಾರತದ ಮೊದಲ ಉಪಗ್ರಹ. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಅದನ್ನು ಕಟ್ಟಿದರು. ತೂಕ 360 ಕಿಲೋ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಸುಮಾರು 600 ಕಿಲೋಮೀಟರ್ ಎತ್ತರಕ್ಕೆ ಒಯ್ದಿತು. ವಿದ್ಯುತ್ ತೊಂದರೆಯಿಂದ ಅದರ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತವು. ಆದರೂ ಉಪಗ್ರಹ ಭೂಮಿಯನ್ನು ಸುತ್ತುತ್ತಲೇ ಇತ್ತು.

ಅದನ್ನು ಯಾರೂ ಹೊಡೆದು ಬೀಳಿಸಲಿಲ್ಲ. ಅಷ್ಟು ಎತ್ತರದ ತೆಳುಗಾಳಿ ದಿನಕ್ಕಿಷ್ಟು ಎಂದು ಅದರ ವೇಗವನ್ನು ಕದಿಯುತ್ತಿತ್ತು. 1979ರ ಸುಮಾರಿಗೊಮ್ಮೆ, 1989ರ ಸುಮಾರಿಗೊಮ್ಮೆ ಸೂರ್ಯ ಕೆರಳಿದಾಗ ಕಳವು ಹೆಚ್ಚಾಯಿತು. 1989ರ ಮಾರ್ಚ್ 13ರ ಬಿರುಗಾಳಿಯಂತೂ ಕೆನಡಾದ ಕ್ವಿಬೆಕ್ ಪ್ರಾಂತ್ಯವನ್ನು ಸುಮಾರು 9 ಗಂಟೆ ಕತ್ತಲಲ್ಲಿಟ್ಟಿತು. ಕೊನೆಗೆ 1992ರ ಫೆಬ್ರವರಿಯಲ್ಲಿ ಆರ್ಯಭಟ ದಟ್ಟ ಗಾಳಿಗೆ ಇಳಿದು ಉರಿದುಹೋಯಿತು. ಪೀಣ್ಯದಲ್ಲಿ ಹುಟ್ಟಿದ ಉಪಗ್ರಹಕ್ಕೆ 17 ವರ್ಷ ಆಯಸ್ಸು ಕೊಟ್ಟದ್ದೂ, ಆ ಆಯಸ್ಸನ್ನು ಮುಗಿಸಿದ್ದೂ ಅದೇ ಹೊರಗಾಳಿ.

ದೊಡ್ಡ ಬಿರುಗಾಳಿಯೇ ಬೇಕೆಂದಿಲ್ಲ. 2022ರ ಫೆಬ್ರವರಿ 3ರಂದು ಅಮೆರಿಕದ ಕಂಪನಿಯೊಂದು 49 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಹಾರಿಸಿ ಮೊದಲಿಗೆ 210 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಿತು. ಮರುದಿನವೇ ಒಂದು ಸಾಧಾರಣ ಬಿರುಗಾಳಿ ಬಂತು. ಗಾಳಿಯ ಎಳೆತ ಹಿಂದಿನ ಉಡಾವಣೆಗಳಿಗಿಂತ ಅರ್ಧದಷ್ಟು ಹೆಚ್ಚಾಗಿ, ಸುಮಾರು 38 ಉಪಗ್ರಹಗಳು ಮೇಲೇರಲಾರದೆ ಸುಟ್ಟುಹೋದವು.

ಚಂದ್ರನಾಚೆಗೂ ಗಾಳಿ

ಈಗ ಬಾಹ್ಯಗೋಳದ ತುತ್ತತುದಿಗೆ ಬರೋಣ. ಅಲ್ಲಿರುವುದು ಮುಖ್ಯವಾಗಿ ಹೈಡ್ರೋಜನ್ ಪರಮಾಣುಗಳು. ನಮ್ಮ ಕೆರೆ, ಸಮುದ್ರಗಳ ನೀರಾವಿ ಮೇಲೇರಿ ಸೂರ್ಯಕಿರಣಕ್ಕೆ ಒಡೆದಾಗ ಬಿಡುಗಡೆಯಾದ ಹೈಡ್ರೋಜನ್ ಅದರಲ್ಲಿದೆ. ಸೂರ್ಯನ ನೇರಳಾತೀತ ಬೆಳಕಿನಲ್ಲಿ ಈ ಪರಮಾಣುಗಳು ಮಂದವಾಗಿ ಹೊಳೆಯುತ್ತವೆ. ಭೂಮಿಯ ಸುತ್ತಲಿನ ಈ ಪ್ರಭಾವಳಿ ನಮ್ಮ ಕಣ್ಣಿಗೆ ಕಾಣುವುದಿಲ್ಲ.

ಅದರ ಚಿತ್ರವನ್ನು ಮೊದಲು ಹೊರಗಿನಿಂದ ತೆಗೆದುಕೊಟ್ಟದ್ದು ಜಾರ್ಜ್ ಕ್ಯಾರುಥರ್ಸ್ ರಚಿಸಿದ ಕ್ಯಾಮೆರಾ. ಇವರು ಅಮೆರಿಕದ ಕಪ್ಪು ಜನಾಂಗದ ವಿಜ್ಞಾನಿ. ಹತ್ತನೇ ವಯಸ್ಸಿನಲ್ಲಿ ರಟ್ಟಿನ ಕೊಳವೆಯಿಂದ ದೂರದರ್ಶಕ ಮಾಡಿಕೊಂಡಿದ್ದ ಹುಡುಗ. 1972ರ ಏಪ್ರಿಲ್‌ನಲ್ಲಿ ಅಪೊಲೊ 16ರ ಯಾತ್ರಿಗಳು ಅವರ ಕ್ಯಾಮೆರಾವನ್ನು ಚಂದ್ರನ ಮೇಲಿಟ್ಟು ಭೂಮಿಯ ಕಡೆಗೆ ತಿರುಗಿಸಿದರು. ಆದರೂ ಆ ಪ್ರಭಾವಳಿಯ ಅಂಚು ಚಿತ್ರದಲ್ಲಿ ಪೂರ್ತಿ ಸಿಗಲಿಲ್ಲ. ಕಾರಣ 2019ರಲ್ಲಿ ತಿಳಿಯಿತು. ಸೋಹೋ ಎಂಬ ನೌಕೆ ಎರಡು ದಶಕಗಳ ಹಿಂದೆ ಸಂಗ್ರಹಿಸಿದ್ದ ಮಾಹಿತಿಯನ್ನು ಪರಿಶೀಲಿಸಿದಾಗ ಭೂಮಿಯ ಹೈಡ್ರೋಜನ್ 6 ಲಕ್ಷ 30 ಸಾವಿರ ಕಿಲೋಮೀಟರಿನವರೆಗೆ ಹರಡಿದೆ ಎಂದು ಗೊತ್ತಾಯಿತು. ಚಂದ್ರ ಇರುವುದು 3 ಲಕ್ಷ 84 ಸಾವಿರ ಕಿಲೋಮೀಟರ್ ದೂರದಲ್ಲಿ. ಚಂದ್ರನಿಗೆ ಹೋಗಿಬಂದವರೂ ಭೂಮಿಯ ವಾಯುಮಂಡಲವನ್ನು ದಾಟಿರಲಿಲ್ಲ!

ಇಷ್ಟು ತೆಳುವಾದ ಗಾಳಿ ಇದ್ದರೆಷ್ಟು ಬಿಟ್ಟರೆಷ್ಟು ಎನ್ನಬೇಡಿ. ಬಿರುಗಾಳಿಯ ಸಮಯದಲ್ಲಿ ವಿದ್ಯುತ್ಕಣಗಳು ಭೂಮಿಯ ಸುತ್ತ ಸಾವಿರಾರು ಕಿಲೋಮೀಟರ್ ದೂರದಲ್ಲಿ ಉಂಗುರದಂತೆ ಸುತ್ತತೊಡಗುತ್ತವೆ. ಕೊಲಾಬಾದ ಸೂಜಿಯಂಥ ಸೂಜಿಗಳನ್ನು ಕುಸಿಯುವಂತೆ ಮಾಡುವುದರಲ್ಲಿ ಈ ಉಂಗುರದ ಪಾಲು ದೊಡ್ಡದು. ವಿದ್ಯುದಂಶ ಇರುವುದರಿಂದ ಈ ಕಣಗಳು ಭೂಮಿಯ ಕಾಂತಕ್ಷೇತ್ರಕ್ಕೆ ಮೂಗುದಾರ ಹಾಕಿದ ಹೋರಿಗಳಂತೆ ಕಟ್ಟುಬಿದ್ದಿರುತ್ತವೆ. ಬಿಸಿಯಾದ ಅಂಥ ಕಣವೊಂದು ಬಾಹ್ಯಗೋಳದ ತಣ್ಣನೆಯ ಹೈಡ್ರೋಜನ್ ಪರಮಾಣುವಿನ ಪಕ್ಕ ಹಾದುಹೋದಾಗ ಅದರ ಎಲೆಕ್ಟ್ರಾನನ್ನು ಕಸಿದುಕೊಳ್ಳುತ್ತದೆ. ಕೂಡಲೇ ಅದರ ವಿದ್ಯುದಂಶ ಹೋಗಿ ಮೂಗುದಾರ ಕಳಚುತ್ತದೆ. ಕಣ ನೇರವಾಗಿ ಹಾರಿಹೋಗುತ್ತದೆ. ಹೀಗೆ ಒಂದೊಂದೇ ಕಣ ಹೊರಬಿದ್ದು ಉಂಗುರ ಕರಗುತ್ತದೆ, ಸೂಜಿ ಮೊದಲಿನ ಸ್ಥಿತಿಗೆ ಮರಳುತ್ತದೆ. ಬಿರುಗಾಳಿ ಹೊರಪದರವನ್ನು ಕದಡುತ್ತದೆ ನಿಜ. ಆದರೆ ಆ ಬಿರುಗಾಳಿಯನ್ನು ತಣಿಸುವ ಕೆಲಸದಲ್ಲಿ ಮುಖ್ಯ ಪಾಲೂ ಅದೇ ಹೊರಪದರದ್ದು. ಇದನ್ನು ಇನ್ನಷ್ಟು ತಿಳಿಯಲು 2025ರ ಸೆಪ್ಟೆಂಬರ್ 24ರಂದು ನಾಸಾ ಒಂದು ನೌಕೆಯನ್ನು ಕಳುಹಿಸಿತು. ಅದಕ್ಕಿಟ್ಟ ಹೆಸರು ಕ್ಯಾರುಥರ್ಸ್.

ನಮ್ಮ ನೆರೆಯಲ್ಲೇ ನಡೆದದ್ದು

2024ರ ಮೇ 10, ಶುಕ್ರವಾರ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ. ಇಶಾ ನಮಾಜು ಮುಗಿದು ಊರು ಮಲಗುವ ಹೊತ್ತಿಗೆ, ರಾತ್ರಿ ಹತ್ತೂವರೆಯ ಸುಮಾರಿಗೆ, ಎರಡು ದಶಕಗಳಲ್ಲೇ ದೊಡ್ಡ ಭೂಕಾಂತೀಯ ಬಿರುಗಾಳಿ ಭೂಮಿಗೆ ಅಪ್ಪಳಿಸಿತು. ಅಕ್ಕೂರಿನಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ತಿಳಿಯುವಂಥದ್ದೂ ಇರಲಿಲ್ಲ. ಆದರೆ ನಮ್ಮ ಸುತ್ತಮುತ್ತಲೇ ಅನೇಕರು ಎಚ್ಚರವಾಗಿದ್ದರು.

ಹಾಸನದ ಮುಖ್ಯ ನಿಯಂತ್ರಣ ಕೇಂದ್ರದವರು ಸುಮಾರು 30 ಭೂಸ್ಥಿರ ಉಪಗ್ರಹಗಳ ಮೇಲೆ ಕಣ್ಣಿಟ್ಟಿದ್ದರು. ಹವಾಮಾನ ಉಪಗ್ರಹಗಳ ನಕ್ಷತ್ರ ಸಂವೇದಕಗಳನ್ನು ಮುನ್ನೆಚ್ಚರಿಕೆಯಾಗಿ ಮುಚ್ಚಿದರು. ಕೆಳಗಿನ ಕಕ್ಷೆಯ ಉಪಗ್ರಹಗಳನ್ನು ಬೆಂಗಳೂರಿನಿಂದ ಗಮನಿಸಲಾಗುತ್ತಿತ್ತು. ಕಾರ್ಟೊಸ್ಯಾಟ್-2ಎಫ್ ಸಾಮಾನ್ಯ ದಿನಗಳಲ್ಲಿ 35ರಿಂದ 40 ಮೀಟರ್ ಇಳಿಯುತ್ತದೆ. ಮೇ 11ರಂದು ಅದು 180 ಮೀಟರ್ ಇಳಿಯಿತು. ಯಾಕಿಯಾ 1958ರಲ್ಲಿ ಕಂಡದ್ದೇ ಇಲ್ಲಿ ಮತ್ತೆ ನಡೆಯಿತು. ಲಡಾಖ್‌ನ ಹಾನ್ಲೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾ ಆಕಾಶದ ಕೆಂಪು ಬೆಳಕನ್ನು ಸೆರೆಹಿಡಿಯಿತು. 200 ಕಿಲೋಮೀಟರಿಗೂ ಮೇಲಿರುವ ಆಮ್ಲಜನಕದ ಪರಮಾಣುಗಳು ಸೂಸುವ ಬೆಳಕು ಅದು.

ಇದೆಲ್ಲದರ ಮೂಲವಾದ ಸೂರ್ಯನ ಗಾಳಿಯನ್ನು 15 ಲಕ್ಷ ಕಿಲೋಮೀಟರ್ ದೂರದಿಂದ ಅಳೆಯುತ್ತಿದ್ದುದು ಭಾರತದ ಆದಿತ್ಯ-ಎಲ್1. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ತನ್ನ ಜಾಗ ಸೇರಿದ ನೌಕೆ. ಅದರೊಂದಿಗೆ ಮಾತಾಡುವ ದೊಡ್ಡ ಆಂಟೆನಾಗಳಿರುವುದು ನಮ್ಮ ಮೈಸೂರು ರಸ್ತೆಗೆ ಹತ್ತಿರದ ಬ್ಯಾಲಾಳುವಿನಲ್ಲಿ. ಆ ಯೋಜನೆಯ ನಿರ್ದೇಶಕಿಯಾಗಿದ್ದವರು ನಿಗಾರ್ ಶಾಜಿ. ತಮಿಳುನಾಡಿನ ಸೆಂಗೋಟ್ಟೈ ಎಂಬ ಸಣ್ಣ ಊರಿನ ರೈತರ ಮಗಳು. ತಿರುನೆಲ್ವೇಲಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1987ರಲ್ಲಿ ಇಸ್ರೋ ಸೇರಿದವರು. ಹೆಣ್ಣುಮಕ್ಕಳನ್ನು ಎಸ್ಸೆಸ್ಸೆಲ್ಸಿಗೇ ಸಾಕು ಎಂದು ನಿಲ್ಲಿಸುವ ತಂದೆತಾಯಿಯರು ಈ ಹೆಸರನ್ನು ನೆನಪಿಡಬೇಕು.

ಕೊನೆಯದಾಗಿ

ಓದುಗರೇ, ಸ್ಕೈಲ್ಯಾಬ್ ಕಾಲದ ಭಯ ಹೋಯಿತೆಂದು ತಿಳಿಯಬೇಡಿ. ಅದು ಈಗ ಜೇಬಿಗೆ ಬಂದಿದೆ. "ಇಂದು ರಾತ್ರಿ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಬ್ರಹ್ಮಾಂಡ ಕಿರಣಗಳು ಹಾದುಹೋಗುತ್ತವೆ, ಮೊಬೈಲ್ ಆರಿಸಿ ದೂರವಿಡಿ, ಎಲ್ಲರಿಗೂ ತಿಳಿಸಿ" ಎಂಬ ಸಂದೇಶ ನಿಮಗೂ ಬಂದಿರಬಹುದು. ವರ್ಷಗಳಿಂದ ಸುತ್ತುತ್ತಿರುವ ಸುಳ್ಳು ಅದು. ಅಂದು ತಿಳಿಸಿ ಹೇಳುವವರು ಇರಲಿಲ್ಲ ಎಂಬ ನೆಪವಿತ್ತು. ಹಾಸನ, ಪೀಣ್ಯ, ಬ್ಯಾಲಾಳುಗಳ ನಡುವೆ ವಾಸಿಸುವ ನಮಗೆ ಇಂದು ಆ ನೆಪವಿಲ್ಲ. ಅಂಥ ಸಂದೇಶ ಬಂದಾಗ ಮುಂದಕ್ಕೆ ಕಳುಹಿಸುವ ಮೊದಲು ವಿಜ್ಞಾನ ಓದುತ್ತಿರುವ ಮನೆಯ ಮಗನನ್ನೋ ಮಗಳನ್ನೋ ಒಂದು ಮಾತು ಕೇಳಿ. ಕೇಳಿದರೆ ಹೇಳಬಲ್ಲ ಮಕ್ಕಳನ್ನು ಪ್ರತಿ ಮನೆಯಲ್ಲೂ ಬೆಳೆಸುವುದೇ ನಮ್ಮಂಥ ಸಂಘಗಳ ಕೆಲಸ.

ಗಾಳಿಗೆ ಕೊನೆ ಎಲ್ಲಿ ಎಂದು ಕೇಳಿ ಹೊರಟೆವು. ಗೋಡೆಯಂಥ ಕೊನೆ ಅದಕ್ಕಿಲ್ಲ, ಅದು ಉಬ್ಬುತ್ತ ಇಳಿಯುತ್ತ ಚಂದ್ರನಾಚೆಗೂ ತೆಳುವಾಗುತ್ತ ಹೋಗುತ್ತದೆ ಎಂಬ ಉತ್ತರಕ್ಕೆ ಬಂದೆವು. ಈ ದಾರಿಯಲ್ಲಿ ನಡೆದ ಮೊದಲಿಗರಲ್ಲಿ ಒಬ್ಬರು ಮುಂಜಾನೆಯ ಬೆಳಕನ್ನು ಸುಮ್ಮನೆ ನೋಡಿ ಬಿಡದೆ ಅಳೆದ ಒಬ್ಬ ಖಾಜಿ. ನಾಳೆ ಫಜರ್ ಮುಗಿಸಿ ಹೊರಬಂದಾಗ ಪೂರ್ವದ ಕಡೆ ಒಂದು ಗಳಿಗೆ ನೋಡಿ. ಆ ಬೆಳಕು ಈಗಲೂ ಅಲ್ಲೇ ಇದೆ. ಅದನ್ನು ಅಳೆಯುವ ಮುಂದಿನ ಕೈ ನಮ್ಮ ಅಕ್ಕೂರಿನ ಮಗುವಿನದೇ ಆಗಲಿ ಎಂದು ದುಆ ಮಾಡೋಣ, ಅದಕ್ಕೆ ಬೇಕಾದ ಪುಸ್ತಕವನ್ನೂ ಕೊಡಿಸೋಣ.